ತಿಮ್ಮಣ್ಣ ಮಾಡಿಸಿದ ಆಣೆ

ಕುಕನೂರಿನ ಅಡತಿ ಅಂಗಡಿಯ ತಿಮ್ಮಣ್ಣ ಮೋಟಾರು ಕೊಳ್ಳುತ್ತಾನೆ ಎಂಬ ಮಾತನ್ನು ಊರು ಮೊದಲು ನಂಬಲಿಲ್ಲ. ಶೇಂಗಾ, ಕುಸುಬಿ ತೂಗಿಸುತ್ತ, ಶ್ರಾವಣ ಬಂತೆಂದರೆ ಮಠದ ಪುರಾಣಕ್ಕೆ ಎಲ್ಲರಿಗಿಂತ ಮೊದಲು ಹೋಗಿ ಕಂಬಕ್ಕೆ ಬೆನ್ನು ಕೊಟ್ಟು ಕೂಡುವ ಮನುಷ್ಯ ಅವನು. ಶಾಸ್ತ್ರಿಗಳು ಪದ್ಯ ಓದಿ ಇನ್ನೂ ಅರ್ಥ ಹೇಳಿರುತ್ತಿರಲಿಲ್ಲ, ಇವನ ಕಣ್ಣುಗಳು ತೇವವಾಗಿರುತ್ತಿದ್ದವು. ಅಂಥವನಿಗೆ ಈ ಹುಚ್ಚು ಹೇಗೆ ಹತ್ತಿತೋ. ಕೊಪ್ಪಳದ ಕಚೇರಿಗೆ, ದವಾಖಾನೆಗೆ ಹೋಗುವವರೆಲ್ಲ ತನ್ನ ಮೋಟಾರಿನಲ್ಲಿ ಕೂತು ಹೋಗಬೇಕು, 'ತಿಮ್ಮಣ್ಣನ ಗಾಡಿ ಬಂತೇನು' ಎಂದು ಜನ ರಸ್ತೆಯ ಕಡೆ ನೋಡುತ್ತ ನಿಲ್ಲಬೇಕು ಎಂಬುದು ಅವನ ಆಸೆ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಇನ್ನೂ ಒಂದು ವರ್ಷವಿತ್ತು. ಪೆಟ್ರೋಲು ಕೇಳಿದಷ್ಟು ಸಿಗುತ್ತಿತ್ತು.

ಮೋಟಾರು ಇದ್ದದ್ದು ಯಲಬುರ್ಗಿಯ ಆಚೆ ಒಂದು ಹಳ್ಳಿಯ ದೇಸಾಯರ ವಾಡೆಯಲ್ಲಿ. ದೇಸಾಯರು ಬದುಕಿದ್ದಾಗ ಹೈದರಾಬಾದಿನಿಂದ ತರಿಸಿದ್ದು. ಅವರು ತೀರಿಕೊಂಡ ಮೇಲೆ ನಡೆಸುವವರಿಲ್ಲದೆ ಅದನ್ನು ದನದ ಕೊಟ್ಟಿಗೆಗೆ ನೂಕಿದ್ದರು. ಒಂದು ಕಡೆ ಎತ್ತುಗಳು ಮೇವು ತಿನ್ನುವ ಗೋದಲಿ, ಇನ್ನೊಂದು ಕಡೆ ಎಮ್ಮೆ, ನಡುವೆ ಮೋಟಾರು. ದೇಸಾಯರ ಹೆಂಡತಿ ಶಿವಬಸಮ್ಮ ಕಾರಹುಣ್ಣಿಮೆ ಬಂದಾಗ ಎತ್ತುಗಳ ಮೈ ತೊಳೆದು ಕೊಂಬಿಗೆ ಕೆಂಪು ಹುರಮಂಜು ಬಳಿಯುವ ಹೊತ್ತಿಗೆ ಇದರ ಮೈಯನ್ನೂ ತೊಳೆಸುತ್ತಿದ್ದಳು. ಕೊಂಬಿಲ್ಲವಲ್ಲ, ಮುಂದಿನ ಹಿತ್ತಾಳೆ ದೀಪಗಳಿಗೆ ಬಳಿಯುತ್ತಿದ್ದಳು.

ನೋಡಲು ಹೋದ ದಿನ ತಿಮ್ಮಣ್ಣ ಯಮನೂರಸಾಬನನ್ನು ಜೊತೆಗೆ ಕರೆದೊಯ್ದಿದ್ದ. ಸಂದೂಕದ ಕೀಲಿಯಿಂದ ಹಿಡಿದು ಹಿಟ್ಟಿನ ಗಿರಣಿಯ ಎಂಜಿನ್ನಿನವರೆಗೆ ಕಬ್ಬಿಣದ್ದು ಯಾವುದು ಕೆಟ್ಟರೂ ಕುಕನೂರಿನವರು ಹೋಗುತ್ತಿದ್ದದ್ದು ಅವನ ಹತ್ತಿರ. ಹರೆಯದಲ್ಲಿ ಹೊಸಪೇಟೆಯ ಒಂದು ಮೋಟಾರು ಕಾರಖಾನೆಯಲ್ಲಿ ಇದ್ದು ಬಂದವನು. ಮೊಹರಮ್ಮಿನಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿಯ ಮುಂದೆ ಪದ ಹಾಡುವವನೂ ಅವನೇ. ಆ ಪದ ಕೇಳಲು ತಿಮ್ಮಣ್ಣ ಹೋಗಿ ಮುಂದೆ ಕೂಡುತ್ತಿದ್ದ. ಹಾಗೆ ಬೆಳೆದ ಗೆಳೆತನ.

ಯಮನೂರಸಾಬ ಮೋಟಾರಿನ ಮೂತಿಗೆ, ಎಂಜಿನ್ನು ತಿರುವಿ ಎಬ್ಬಿಸುವ ಕಬ್ಬಿಣದ ಹ್ಯಾಂಡ್ಲು ತೂರಿಸಿ, ಮೈಭಾರವನ್ನೆಲ್ಲ ಹಾಕಿ ಮೆಲ್ಲಗೆ ಒತ್ತಿದ. ಒಳಗೆ ಏನೋ ನರಳಿದಂತಾಯಿತು.

"ಹಿಡಕೊಂಡಿಲ್ಲ ತಿಮ್ಮಣ್ಣ. ಅಲ್ಲಾಡ್ತೈತಿ. ಒಳಗ ಜೀವ ಐತಿ."

"ತಗೋಬೋದೇನು?"

"ನೀ ತಗೋ. ಎಬ್ಬಿಸೂದು ನನಗ ಬಿಡು. ಎಬ್ಬಿಸದಿದ್ರ ಹೆಸರು ತಗದು ಹಾಕು."

ಮೋಟಾರು ಊರಿಗೆ ಹೊರಟದ್ದು ಎತ್ತುಗಳ ಹಿಂದೆ. ತಿಮ್ಮಣ್ಣ ತನ್ನ ಜೋಡೆತ್ತು ಹೊಡೆದುಕೊಂಡು, ಎಳೆಯಲು ಕತ್ತಾಳಿ ನಾರಿನ ಹೊಸ ಹಗ್ಗ ಹೊಸೆಸಿಕೊಂಡು ಹೋಗಿದ್ದ. ಶಿವಬಸಮ್ಮ ತಂಬಿಗೆ ತುಂಬ ನೀರು ತಂದು ಮುಂದಿನ ಗಾಲಿಗಳ ಮೇಲೆ ಸುರಿದಳು.

"ಹೊಸ ಹಗ್ಗ ತಂದ್ಯೇನಪಾ?"

"ಹ್ಞೂನ್ರೆವ್ವ. ಹೊಸಾದs ತಂದೀನಿ."

"ಛಲೋ ಆತು. ತಿಳಿದ ಮಂದಿ," ಎಂದು ಅವಳು ಒಳಗೆ ಹೋದಳು.

ಯಮನೂರಸಾಬ ಬಿಡಿ ಸಾಮಾನುಗಳನ್ನೆಲ್ಲ ತನ್ನ ಗೋಣಿಚೀಲಕ್ಕೆ ತುಂಬಿ ಚೀಲವನ್ನು ಹೆಗಲಿಗೆ ಹಾಕಿಕೊಂಡ. ದಾರಿಯುದ್ದಕ್ಕೂ ಹಳ್ಳಿಗರು ಹೊಲದಿಂದ ಎದ್ದು ಬಂದು, ಎತ್ತು ಎಳೆಯುವ ಮೋಟಾರನ್ನು ನೋಡಿ ನಕ್ಕರು. ತಿಮ್ಮಣ್ಣನೂ ನಕ್ಕ. ಆ ದಿನ ನಗುವುದಕ್ಕೆ ಅವನಿಗೆ ಏನೂ ಭಾರವಿರಲಿಲ್ಲ.

ಅಲಾಯಿ ಕುಣಿಯ ಮಗ್ಗುಲಿಗೇ ಇದ್ದ ಯಮನೂರಸಾಬನ ತಗಡಿನ ಚಪ್ಪರದ ಕೆಳಗೆ ಮೋಟಾರನ್ನು ನಿಲ್ಲಿಸಿದರು. ಸೀಟಿನ ಒಳಗಿಂದ ಇಲಿಗಳು ಮಾಡಿದ ಗೂಡು ಬುಟ್ಟಿಗಟ್ಟಲೆ ಹೊರಬಿತ್ತು. ಹಾರನ್ನಿನ ಬಾಯಲ್ಲಿ ಕಣಜಗಳು ಮಣ್ಣಿನ ಮನೆ ಕಟ್ಟಿದ್ದವು. ಪೆಟ್ರೋಲಿನ ಟಾಕಿಯ ತಳದಲ್ಲಿ ಬೆಲ್ಲದ ಪಾಕದಂಥ ಅಂಟು. ಯಮನೂರಸಾಬ ಎಲ್ಲವನ್ನೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹಳೆಯ ಧೋತರದ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುತ್ತಿದ್ದ. ಹೆಂಡತಿ ತಾಜಬೀ ಮಗಳ ಬಾಣಂತನಕ್ಕೆಂದು ತವರೂರು ಹುಲಿಹೈದರಕ್ಕೆ ಹೋಗಿದ್ದಳು. ಮಗಳನ್ನು ಕೊಟ್ಟದ್ದೂ ಅಲ್ಲಿಗೇ. ಹಾಗಾಗಿ ಅವನಿಗೆ ಊಟದ ಹೊತ್ತೆಂಬುದೂ ಇರಲಿಲ್ಲ. ತಿಮ್ಮಣ್ಣನ ಮನೆಯಿಂದಲೇ ರೊಟ್ಟಿ ಬರುತ್ತಿತ್ತು.

ಎಲ್ಲವನ್ನೂ ತಿರುಗಿ ಜೋಡಿಸಿ, ಇನ್ನು ಎಬ್ಬಿಸಿ ನೋಡಬೇಕು ಎನ್ನುವಾಗ ಹ್ಯಾಂಡ್ಲು ಸಿಗಲಿಲ್ಲ. ಚೀಲ ಕೊಡವಿದರು, ಚಪ್ಪರದ ಮೂಲೆಗಳನ್ನೆಲ್ಲ ಹುಡುಕಿದರು.

"ವಾಡೇದಾಗ ನಿನ್ನ ಕೈಯಾಗs ಇತ್ತಲ್ಲೋ," ಎಂದ ತಿಮ್ಮಣ್ಣ.

"ನೋಡಾಕ ಹೋದಾಗ ಇತ್ತು. ತರೂ ದಿನ ನಾ ನೋಡಿಲ್ಲ. ಹೋಗ್ಲಿ ಬಿಡು, ಹೊಸಾದು ಬಡೀತೀನಿ. ಒಂದು ಸಲಾಕಿ ಕೊಡಿಸು."

ಅಷ್ಟು ಸಲೀಸಾಗಿ ಹೊಸದು ಬಡಿಯುತ್ತೇನೆ ಎಂದದ್ದು ತಿಮ್ಮಣ್ಣನ ಮನಸ್ಸಿನಲ್ಲಿ ಸಣ್ಣ ಮುಳ್ಳಾಗಿ ಉಳಿಯಿತು. ಅದನ್ನು ಒಳಗೆ ನೂಕಿದವನು ಗಿಡ್ಡಪ್ಪ. ತಿಮ್ಮಣ್ಣನ ಅಂಗಡಿಯ ಎದುರಿಗೆ ಅವನದೂ ಅಡತಿ ಅಂಗಡಿ.

"ಗಂಗಾವತಿ ಅಕ್ಕಿ ಗಿರಣಿ ಲಾರಿದು ಹ್ಯಾಂಡ್ಲು ಮುರಿದಿತ್ತಂತ. ಹೋದ ವಾರ ಸಾಬ ಅಲ್ಲಿಗೆ ಹೋಗಿದ್ನಲ್ಲ?" ಎಂದ ಗಿಡ್ಡಪ್ಪ, ಎಲೆಗೆ ಸುಣ್ಣ ಹಚ್ಚುತ್ತ. "ನಾ ಏನೂ ಅನ್ನಾಕತ್ತಿಲ್ಲಪಾ. ಹೋಗಿದ್ನಲ್ಲ ಅಂದೆ, ಅಷ್ಟ."

ಮುಂದೆ ನಡೆದದ್ದರಲ್ಲಿ ಗಿಡ್ಡಪ್ಪನ ಪಾಲು ಅಷ್ಟೇ. ಉಳಿದದ್ದೆಲ್ಲ ತಿಮ್ಮಣ್ಣನದೇ. ಪೊಲೀಸು ಅಮೀನರ ಕಿವಿಗೆ ಹಾಕಿದರೆ ಬಡವ ಒದೆ ತಿಂದಾನು, ಅದು ಬೇಡ. ದೇವರ ಮುಂದೆ ಆಗಲಿ. ತಪ್ಪು ಮಾಡಿದ್ದರೆ ಅಲ್ಲೇ ಒಪ್ಪಿಕೊಂಡಾನು, ನಾನೂ ಕ್ಷಮಿಸಿಬಿಡುತ್ತೇನೆ ಎಂದು ಅವನು ಯೋಚಿಸಿದ. ಪುರಾಣದಲ್ಲಿ ಕೇಳಿದ ದಯಾವಂತ ಅರಸರ ಮಾತುಗಳು ಅವನ ನೆನಪಿಗೆ ಬಂದವು. ತಾನು ಮಾಡುತ್ತಿರುವುದು ದಯೆಯೆಂದೇ ಅವನಿಗೆ ತೋರಿತು.

ಅಲಾಯಿ ಕುಣಿಯ ಆಣೆ ಎಂದರೆ ಆ ಕಡೆ ಎರಡೂ ಮತದವರು ಹೆದರುತ್ತಿದ್ದರು. ಬರಿಗಾಲಲ್ಲಿ ಕುಣಿಯ ಅಂಚಿಗೆ ನಿಂತು, ಅಲ್ಲಿಯ ಬೂದಿಯನ್ನು ಅಂಗೈಯಲ್ಲಿ ಹಿಡಿದು ಹೇಳಬೇಕು. ಸುಳ್ಳು ಹೇಳಿದವನಿಗೆ ಎಷ್ಟು ಕೇಡೋ, ನಿಜವಂತನಿಂದ ಆಣೆ ಮಾಡಿಸಿದವನಿಗೂ ಅಷ್ಟೇ ಕೇಡು. ಅದನ್ನು ಬಿಡಿಸಬೇಕಾದರೆ ಮಾಡಿಸಿದವನೇ ಅದೇ ಜಾಗದಲ್ಲಿ, ಅದೇ ಬೂದಿ ಹಿಡಿದು, ಮಂದಿಯ ಮುಂದೆ ತನ್ನ ಮಾತು ಸುಳ್ಳೆಂದು ಹೇಳಬೇಕು.

ಸಂತೆಯ ದಿನ ತಿಮ್ಮಣ್ಣ ಕುಣಿಯ ಮುಂದೆ ನಿಂತು, ಹ್ಯಾಂಡ್ಲು ಕದ್ದಿಲ್ಲವೆಂದು ಆಣೆ ಮಾಡು ಬಾ ಎಂದು ಯಮನೂರಸಾಬನನ್ನು ಕೂಗಿ ಕರೆದ. ಸಂತೆಗೆ ಬಂದವರು ಗಂಟುಗಳನ್ನು ಹೊತ್ತುಕೊಂಡೇ ಸುತ್ತ ನೆರೆದರು. ಯಮನೂರಸಾಬ ಎಣ್ಣೆಗೈಯಲ್ಲೇ ಚಪ್ಪರದಿಂದ ಬಂದ. ಮೊದಲು ಇದು ಚಾಷ್ಟಿ ಎಂದು ತಿಳಿದು ನಕ್ಕ. ತಿಮ್ಮಣ್ಣನ ಮುಖ ನೋಡಿ ನಗು ನಿಲ್ಲಿಸಿದ.

"ಆಣಿ ಮಾಡ್ಲೇನು?" ಎಂದ.

"ಮಾಡು. ನಿಂದೇನೂ ಇಲ್ಲ ಅಂದ್ರ ಅಂಜಿಕಿ ಯಾಕ?"

ಯಮನೂರಸಾಬ ಕೈಯನ್ನು ಮಣ್ಣಿನಿಂದ ತಿಕ್ಕಿಕೊಂಡ. ಬೂದಿ ಹಿಡಿದ. "ದೇಸಾಯರ ಮೋಟಾರಿನ ಹ್ಯಾಂಡ್ಲು ನಾ ತಗೊಂಡಿಲ್ಲ, ಮಾರಿಲ್ಲ, ಯಾರಿಗೂ ಕೊಟ್ಟಿಲ್ಲ," ಎಂದ. ಮೊಹರಮ್ಮಿನಲ್ಲಿ ಹಾಡುವ ಅದೇ ಗಂಟಲು. ಪದ ಎತ್ತಿಕೊಳ್ಳುವ ಮುಂಚೆ ಅವನು ಉಸಿರು ಹಿಡಿಯುವ ರೀತಿ ತಿಮ್ಮಣ್ಣನಿಗೆ ಗೊತ್ತಿತ್ತು. ಹಾಗೆಯೇ ಉಸಿರು ಹಿಡಿದು ಹೇಳಿದ್ದ. ಆಮೇಲೆ ಬೂದಿಯನ್ನು ಕುಣಿಗೆ ತಿರುಗಿ ಹಾಕಿ, "ಆತಿಲ್ರಿ ಸಾವಕಾರ್ರ? ನಾ ಇನ್ನ ಕೆಲಸಕ್ಕ ಹೋಗ್ಲಿ?" ಎಂದು ಕೇಳಿದ.

ಅಲ್ಲಿಯವರೆಗೆ ಅವನ ಬಾಯಲ್ಲಿ ತಿಮ್ಮಣ್ಣ ಬರೀ ತಿಮ್ಮಣ್ಣನಾಗಿದ್ದ.

ಕೆಲಸ ನಿಲ್ಲಲಿಲ್ಲ. ಯಮನೂರಸಾಬ ಕುಲುಮೆಯಲ್ಲಿ ಸಲಾಕೆ ಕಾಸಿ, ಬಗ್ಗಿಸಿ, ಹೊಸ ಹ್ಯಾಂಡ್ಲು ಬಡಿದ. ಹುಬ್ಬಳ್ಳಿಯಿಂದ ಟಾಯರು ಬಂದವು. ಸೀಟಿಗೆ ಹೊಸ ಚರ್ಮ ಹೊಲಿಸಿದರು. ತಿಮ್ಮಣ್ಣನ ಮನೆಯ ರೊಟ್ಟಿಯ ಗಂಟು ಮಾತ್ರ ಬಿಚ್ಚದೆ ತಿರುಗಿ ಬರತೊಡಗಿತು. ಒಂದು ಬೆಳಿಗ್ಗೆ ಎಂಜಿನ್ನು ಕೆಮ್ಮಿ, ಉಗುಳಿ, ಎದ್ದು ಗುಡುಗಿತು. ಸುತ್ತಿದ್ದವರು ಹೋ ಎಂದರು. ಯಮನೂರಸಾಬ ಅದರ ಸಪ್ಪಳ ಕೇಳುತ್ತ ನಿಂತನೇ ಹೊರತು ತಿಮ್ಮಣ್ಣನ ಕಡೆ ನೋಡಲಿಲ್ಲ. ಬಯಲಲ್ಲಿ ಗಾಡಿ ನಡೆಸುವುದನ್ನು ಕಲಿಸಿದ, ಬೇಕಾದಷ್ಟೇ ಮಾತಾಡಿ.

ಮೋಟಾರಿನ ಮೊದಲ ಸವಾರಿಗೆ ಶಿವಬಸಮ್ಮನನ್ನು ಕರೆಯಬೇಕೆಂದು ತಿಮ್ಮಣ್ಣ ಯಲಬುರ್ಗಿಯ ಕಡೆ ಹೋದ. ಅವಳು ಕೊಟ್ಟಿಗೆಯಲ್ಲಿ ಎಮ್ಮೆ ಹಿಂಡಿಸುತ್ತಿದ್ದಳು. ಮೋಟಾರು ನಿಂತಿದ್ದ ಜಾಗದ ಹಿಂದಿನ ಗೋಡೆಗೆ ಗೂಟಗಳ ಸಾಲು. ಗೂಟಗಳಿಗೆ ಹಳೆಯ ಹಗ್ಗಗಳು, ಮೂಗುದಾರಗಳು. ಕೊನೆಯ ಗೂಟಕ್ಕೆ ಹ್ಯಾಂಡ್ಲು. ಅದಕ್ಕೆ ವಿಭೂತಿ ಬಳಿದಿತ್ತು.

ತಿಮ್ಮಣ್ಣ ಅದನ್ನು ನೋಡುತ್ತ ನಿಂತ.

"ಯವ್ವ, ಇದು ಇಲ್ಲಿ..."

"ಮತ್ತೆಲ್ಲಿರಬೇಕಪಾ? ದನಾ ಮಾರಿದ್ರ ಹಗ್ಗಾ ಕೊಡ್ತಾರೇನು? ಕೊಟ್ಟಿಗ್ಯಾನ ಲಕ್ಷ್ಮಿ ಹಿಂದs ಹೋಗಿಬಿಡ್ತಾಳ. ನಮ್ಮವರು ಇದನ್ನ ಮೂಗಿಗೆ ಹಾಕಿ ತಿರುವಿದ್ರ ಅದು ಏಳ್ತಿತ್ತು. ಅದರ ಮೂಗುದಾರ ಅಲ್ಲೇನು ಇದು? ನೀ ಹೊಸ ಹಗ್ಗಾ ತಂದೀನಿ ಅಂದಿ. ತಿಳಿದ ಮಂದಿ ಅಂತ ಹಳೇದು ನಾ ಬಿಚ್ಚಿ ಇಟ್ಟಗೊಂಡಿದ್ದೆ."

ತಿಮ್ಮಣ್ಣನಿಗೆ ನಗು ಬಂತು. ಎತ್ತು ಕೊಳ್ಳುವಾಗ ಹೊಸ ಹಗ್ಗ ಒಯ್ಯುವುದು, ಮಾರುವಾಗ ಹಳೆಯ ಹಗ್ಗ ಬಿಚ್ಚಿಕೊಳ್ಳುವುದು ಅವನೂ ಮಾಡಿದ್ದೇ. ನಗು ಅರ್ಧಕ್ಕೆ ನಿಂತು, ಕುಣಿಯ ಮುಂದೆ ಬೂದಿ ಹಿಡಿದ ಯಮನೂರಸಾಬ ನೆನಪಾದ. ಗೋದಲಿಯ ಅಂಚು ಹಿಡಿದು ಕೂತುಬಿಟ್ಟ.

"ಬೇಕಾಗಿತ್ತೇನು? ಕೊಡಾಂಗಿಲ್ಲಪಾ, ತಪ್ಪು ತಿಳೀಬ್ಯಾಡ," ಎಂದಳು ಅವಳು.

"ಬ್ಯಾಡ್ರೆವ್ವ. ಹೊಸಾದು ಮಾಡ್ಯಾರ."

"ಯಾರು ಮಾಡ್ಯಾರ? ಆ ಸಾಬನs? ಛಲೋ ಮನಿಶಾ ಅವ. ಅವತ್ತು ನೀರು ಕುಡದು ಚರಗಿ ತೊಳದಿಟ್ಟು ಹೋದ."

ಸವಾರಿಗೆ ಕರೆಯುವುದನ್ನೂ ಮರೆತು ತಿರುಗಿದ ತಿಮ್ಮಣ್ಣ ಊರಿಗೆ ಬಂದವನೇ ಚಪ್ಪರಕ್ಕೆ ಹೋದ. ಅಲ್ಲಿ ಬೇರೆ ಯಾರೂ ಇರದಿದ್ದದ್ದು ನೋಡಿ ಅವನಿಗೆ ಹಗುರವಾಯಿತು. ಆ ಹಗುರಾದದ್ದಕ್ಕೇ ಮತ್ತೆ ನಾಚಿಕೆಯಾಯಿತು. ನಡೆದದ್ದನ್ನೆಲ್ಲ ಹೇಳಿದ. "ನನ್ನದು ತಪ್ಪಾತು," ಎಂದ. ದಾರಿಯಲ್ಲಿ ಕೊಂಡು ಹೆಗಲಿಗೆ ಹಾಕಿಕೊಂಡಿದ್ದ, ತಲೆಗೆ ಸುತ್ತುವ ಹೊಸ ಪಟಕದ ಬಟ್ಟೆಯನ್ನು ಮುಂದೆ ಇಟ್ಟ.

ಯಮನೂರಸಾಬ ಬಟ್ಟೆ ಮುಟ್ಟಲಿಲ್ಲ.

"ಇಲ್ಲಿ ಹೇಳಿದ್ರ ಏನು ಬಂತ್ರಿ? ನಾ ಬೂದಿ ಹಿಡಿದದ್ದು ಅಲ್ಲಿ."

"ಹೇಳ್ತೀನಿ. ಅಲ್ಲೇ ಹೇಳ್ತೀನಿ."

"ನನ್ನ ಹೇಣ್ತಿ ತವರಮನಿಯವರು ಹುಲಿಹೈದರದಾಗ ಅಲಾಯಿ ದೇವರು ಹಿಡಿಯೋರು. ಅವರ ಮನಿತನದಾಗ ಯಾರೂ ಆಣಿಗೆ ನಿಂತವರಲ್ಲ. ನಿಂದ್ರಿಸಿಕೊಂಡವರೂ ಅಲ್ಲ. ಆಕಿಗೆ ಇನ್ನೂ ಗೊತ್ತಿಲ್ಲ. ಈ ಹುಣ್ಣಿವಿ ಹಿಂದ ಮುಂದ ಬರ್ತಾಳ. ಬರೂದರೊಳಗ ಬಿಡಿಸಿಬಿಡ್ರಿ. ಅಷ್ಟ ಸಾಕು. ಬ್ಯಾರೆ ಏನೂ ಬ್ಯಾಡ."

"ನಾಳೇನೇ ಹೇಳ್ತೀನಿ," ಎಂದ ತಿಮ್ಮಣ್ಣ.

ಮರುದಿನ ಕುಣಿಯ ಹತ್ತಿರ ಹೋದ. ಗಿಡ್ಡಪ್ಪ ಕಟ್ಟೆಯ ಮೇಲೆ ಕೂತಿದ್ದ. "ಏನಪಾ, ಮೋಟಾರು ಸಾವಕಾರ?" ಎಂದ. ತಿಮ್ಮಣ್ಣ ಅದೂ ಇದೂ ಮಾತಾಡಿ ತಿರುಗಿ ಬಂದ. ಬರಿಯ ನಾಲ್ಕು ಜನರ ಮುಂದೆ ಹೇಳುವುದಕ್ಕಿಂತ ಮೋಟಾರಿನ ಮೊದಲ ಸವಾರಿಯ ದಿನ ಊರೇ ನೆರೆದಿರುತ್ತದಲ್ಲ, ಆಗ ಹೇಳಿದರೆ ಯಮನೂರಸಾಬನಿಗೂ ಹೆಚ್ಚಿನ ಮರ್ಯಾದೆ ಎಂದು ತನಗೆ ತಾನೇ ಹೇಳಿಕೊಂಡ. ಮನಸ್ಸು ಅದನ್ನು ಬೇಗ ಒಪ್ಪಿತು. ಬೇಗ ಒಪ್ಪಿದ್ದೇ ಅವನಿಗೆ ಅನುಮಾನ ಹುಟ್ಟಿಸಬೇಕಾಗಿತ್ತು.

ಸವಾರಿಯ ದಿನ ಊರು ನೆರೆಯಿತು. ಮೋಟಾರಿಗೆ ಚೆಂಡುಹೂವಿನ ಮಾಲೆ, ಗಾಲಿಯ ಕೆಳಗೆ ನಿಂಬೆಹಣ್ಣು, ತೆಂಗಿನಕಾಯಿ. ತಿಮ್ಮಣ್ಣ ಬಾಯಿ ತೆರೆದ. ಯಾರೋ ಅವನ ಕೊರಳಿಗೂ ಮಾಲೆ ಹಾಕಿದರು. ಹೂವಿನ ಮಾಲೆ ಹಾಕಿಕೊಂಡು 'ನಾನು ಸುಳ್ಳು ಹೇಳಿದೆ' ಎನ್ನುವುದು ಹೇಗೆ ಎಂದು ಅವನು ಅಳುಕಿದ. ತಿರುಗಿ ಬಂದು ಹೇಳುತ್ತೇನೆ ಎಂದುಕೊಂಡ. ಯಮನೂರಸಾಬ ಹ್ಯಾಂಡ್ಲು ತಿರುವಿ ಎಂಜಿನ್ನು ಎಬ್ಬಿಸಿ ಪಕ್ಕಕ್ಕೆ ಸರಿದ. ಬಾ ಕೂಡು ಎಂದರೆ, "ನೀವ ಹೋಗಿ ಬರ್ರಿ. ಏರಿನ್ಯಾಗ ಬಿಸಿ ಆದ್ರ ನಿಂದ್ರಿಸಿ ನೀರ ಹಾಕ್ರಿ," ಎಂದ.

ಕೊಪ್ಪಳದ ಪೇಟೆಯಲ್ಲಿ ಒಂದು ಸುತ್ತು ಹಾಕಿ ತಿರುಗುವಾಗ, ಸರ್ವಿಸ್ ಬಸ್ಸು ನಿಲ್ಲುವ ಜಾಗದಲ್ಲಿ ಗಂಟು ಇಟ್ಟುಕೊಂಡು ಕೂತಿದ್ದ ತಾಜಬೀ ಕಂಡಳು. ಗಂಗಾವತಿಯ ಬಸ್ಸಿನಲ್ಲಿ ಬಂದು ಇಳಿದಿದ್ದಳು. ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

"ಅಣ್ಣಾರ, ಇದs ಏನ್ರಿ ಗಾಡಿ? ಎದ್ದು ನಿಂತsಬಿಡ್ತಲ್ಲ."

"ನಿನ್ನ ಗಂಡನs ಎಬ್ಬಿಸ್ಯಾನ. ಹತ್ತವ್ವ ತಂಗಿ."

ಅವಳು ಸಂಕೋಚಪಟ್ಟು ಹಿಂದಿನ ಸೀಟಿನ ಅಂಚಿಗೆ ಕೂತಳು. ಪಕ್ಕದಲ್ಲಿ, ಊರಿನಿಂದಲೇ ಮಗನ ಜೊತೆ ಹತ್ತಿ ಬಂದಿದ್ದ ಗಿಡ್ಡಪ್ಪನ ಅವ್ವ ಉಡಚಮ್ಮ. ಮುಂದೆ ತಿಮ್ಮಣ್ಣನ ಪಕ್ಕ ಗಿಡ್ಡಪ್ಪ. ಹೊಸ ಚರ್ಮದ ಮೇಲೆ ತಾಜಬೀ ಅಂಗೈ ಆಡಿಸುತ್ತಿದ್ದಳು. ಮೊಮ್ಮಗಳು ಅಜ್ಜನ ಮೂಗು ಹೊತ್ತು ಹುಟ್ಟಿದ್ದಾಳೆ ಎಂದಳು. ಗಾಳಿಯ ಸಪ್ಪಳಕ್ಕೆ ಎಲ್ಲರೂ ಕೂಗಿ ಮಾತಾಡುತ್ತಿದ್ದರು. ತಿಮ್ಮಣ್ಣನಿಗೆ ಮಾತ್ರ ಗಾಡಿಯನ್ನು ಇನ್ನಷ್ಟು ಜೋರಾಗಿ ಓಡಿಸಿ, ಅವಳಿಗಿಂತ ಮೊದಲು ಊರು ಮುಟ್ಟಿ ಹೇಳಿಬಿಡಬೇಕು ಎನಿಸುತ್ತಿತ್ತು. ಆದರೆ ಅವಳು ಕೂತದ್ದು ಅದೇ ಗಾಡಿಯಲ್ಲಿ.

ಊರಿನ ಗಿಡಗಳು ಕಾಣತೊಡಗಿದಾಗ ಉಡಚಮ್ಮ ಎಂದಳು, "ಇಂಥಾ ಗಾಡಿ ಆತಂದ್ರ ಆಣಿ ಮಾಡಿದ್ದೂ ಸಾರ್ಥಕ ಆತು ಬಿಡವ್ವ."

"ಏನು ಆಣಿ, ಎವ್ವ?" ಎಂದಳು ತಾಜಬೀ.

"ನಿನಗ ಗೊತ್ತಿಲ್ಲೇನು? ಹ್ಯಾಂಡ್ಲು ಕದ್ದಿಲ್ಲ ಅಂತ ನಿನ್ನ ಗಂಡ ಕುಣಿ ಮುಂದ ಬೂದಿ ಹಿಡದ್ನಲ್ಲ. ಸಂತಿ ಮಂದಿ ಎಲ್ಲಾ ನೋಡ್ತು. ಈ ತಿಮ್ಮಣ್ಣನs ಹಿಡಿಸಿದ್ದು."

ತಾಜಬೀ ಸೀಟಿನ ಮೇಲಿಂದ ಕೈ ತೆಗೆದಳು.

"ಅಣ್ಣಾರ, ಒಂದೀಟು ನಿಂದ್ರಸ್ರಿ. ಇಳೀತೀನಿ."

"ತಂಗಿ, ಊರು ಬಂತು..."

"ನಿಂದ್ರಸ್ರಿ."

ಅವಳು ಇಳಿದು, ಗಂಟನ್ನು ತಲೆಯ ಮೇಲಿಟ್ಟುಕೊಂಡು ನಡೆದಳು. ತಿಮ್ಮಣ್ಣ ಎಂಜಿನ್ನು ಆರಿಸಿ ತಾನೂ ಇಳಿದ. "ಎಲ್ಲಿಗೆ ಹೊಂಟ್ಯೋ, ನಮ್ಮನ್ನ ಬಿಸಿಲಾಗ ಬಿಟ್ಟು?" ಎಂದು ಗಿಡ್ಡಪ್ಪ ಕೂಗಿದ. ತಿಮ್ಮಣ್ಣ ತಿರುಗಲಿಲ್ಲ. ಅವಳ ಪಕ್ಕಕ್ಕೆ ಹೋಗುವ ಧೈರ್ಯವಾಗದೆ ಹಿಂದೆಯೇ ನಡೆದ.

"ತಂಗಿ, ಅವಂದೇನೂ ತಪ್ಪಿಲ್ಲ. ಆ ದೇಸಾಯರ ಹೇಣ್ತಿ ಹಗ್ಗಾ ಅಂತ ತಿಳಿದು—"

"ನನಗ ಹೇಳಬ್ಯಾಡ್ರಿ," ಎಂದಳು ಅವಳು, ನಡಿಗೆ ನಿಲ್ಲಿಸದೆ. "ನನ್ನ ಗಂಡ ಎಂಥಾವ ಅಂತ ನನಗ ಗೊತ್ತೈತಿ. ಗೊತ್ತಿಲ್ಲದವರಿಗೆ ಹೇಳ್ರಿ."

ಕುಣಿಯ ಹತ್ತಿರ ನಮಾಜು ಮುಗಿಸಿ ಬಂದ ಕೆಲವರಿದ್ದರು. ಚುರುಮುರಿ ಮಾರುವ ಫಕೀರಮ್ಮ ಬುಟ್ಟಿ ಹಿಡಿದು ಕೂತಿದ್ದಳು. ತಿಮ್ಮಣ್ಣ ಚಪ್ಪಲಿ ಬಿಟ್ಟು, ಬಗ್ಗಿ ಬೂದಿ ತೆಗೆದುಕೊಂಡ.

"ಯಮನೂರಸಾಬ ಹ್ಯಾಂಡ್ಲು ತಗೊಂಡಿದ್ದಿಲ್ಲ," ಎಂದ. "ನಾ ಸುಳ್ಳು ಹೊರಿಸಿ ಆಣಿ ಮಾಡಿಸಿದೆ."

"ಗಾಡಿ ಎಲ್ಲೈತಿ ತಿಮ್ಮಣ್ಣ? ಕೆಟ್ಟತೇನು?" ಎಂದು ಒಬ್ಬ ಕೇಳಿದ. "ಹಾದ್ಯಾಗ ನಿಂತಿರಬೇಕು, ನಡೀರಿ ನೋಡೂಣು," ಎಂದು ಇನ್ನಿಬ್ಬರು ಎದ್ದರು. ತಿಮ್ಮಣ್ಣ ಮತ್ತೆ ಹೇಳಿದ. ಮಸೂತಿಯ ಮುದುಕನೊಬ್ಬ, "ಆತು ಬಿಡಪಾ, ಹಳೇ ಮಾತು," ಎಂದು ಕೈಯಾಡಿಸಿದ.

ಫಕೀರಮ್ಮ ಚುರುಮುರಿಯ ಮೇಲಿನ ನೊಣ ಓಡಿಸುತ್ತ ಎಂದಳು, "ಅವತ್ತು ಆಣಿ ಮಾಡಿಸುವಾಗ ನಿನ್ನ ದನಿ ಊರ ಅಗಸಿ ಬಾಗಿಲ ತನಕ ಕೇಳಿತ್ತು. ಇವತ್ತು ಇಲ್ಲಿ ಕುಂತ ನನಗs ಕೇಳವಲ್ದು."

ತಿಮ್ಮಣ್ಣ ದನಿ ಎತ್ತಿದ. ಕೂಗಿ ಹೇಳಿದ: ಹ್ಯಾಂಡ್ಲು ಎಲ್ಲಿತ್ತು, ಯಾಕೆ ಅಲ್ಲಿತ್ತು, ತಾನು ಏನು ತಿಳಿದೆ, ಗೊತ್ತಾದ ಮೇಲೂ ಎಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ, ಎಲ್ಲವನ್ನೂ. ಎದ್ದು ಹೊರಟಿದ್ದವರು ನಿಂತರು. ಯಮನೂರಸಾಬ ಚಪ್ಪರದಿಂದ ಹೊರಗೆ ಬಂದಿದ್ದ. ತಾಜಬೀ ಗಂಟು ಇಳಿಸದೆ ಅವನ ಪಕ್ಕ ನಿಂತಿದ್ದಳು.

ಅವನು ಪೂರ್ತಿ ಕೇಳಿದ. ಆಮೇಲೆ, "ಸಾಕ್ರಿ ಸಾವಕಾರ್ರ. ಬೂದಿ ಕುಣಿಗೆ ಹಾಕ್ರಿ," ಎಂದ. ಹೆಂಡತಿಯ ತಲೆಯ ಮೇಲಿನ ಗಂಟನ್ನು ತಾನು ತೆಗೆದುಕೊಂಡ. ಇಬ್ಬರೂ ಮನೆಯ ಕಡೆ ನಡೆದರು. ಅವಳು ಏನೋ ಕೇಳಿದಳು, ಅವನು ತಲೆ ತಗ್ಗಿಸಿ ಏನೋ ಹೇಳಿದ; ಇಷ್ಟು ದಿನ ತನ್ನಿಂದ ಯಾಕೆ ಮುಚ್ಚಿಟ್ಟೆ ಎಂದು ಕೇಳಿರಬೇಕು.

ತಿಮ್ಮಣ್ಣನಿಗೆ ಸಂತೆಯ ದಿನದ ಮಂದಿ ಕಣ್ಣ ಮುಂದೆ ಬಂದರು. ಅಂದು ಸುತ್ತ ನೆರೆದವರಲ್ಲಿ ಇಂದು ಇಲ್ಲಿದ್ದವರು ಬೆರಳೆಣಿಕೆಯವರು. ಉಳಿದವರ ಮನೆಗಳು ಯಾವುವು ಎಂದು ಅವನಿಗೆ ಗೊತ್ತಿತ್ತು. ಚಪ್ಪಲಿ ಮೆಟ್ಟಲು ನೆನಪಾಗದೆ, ಹತ್ತಿರದ ಓಣಿಯ ಮೊದಲ ಬಾಗಿಲಿಗೆ ಹೋಗಿ ನಿಂತ. ಗಾಳೆಮ್ಮ ಮೊರ ಹಿಡಿದು ಹೊರಗೆ ಬಂದಳು.

"ಯಮನೂರಸಾಬ ಹ್ಯಾಂಡ್ಲು ಕದ್ದಿದ್ದಿಲ್ಲ, ಗಾಳೆವ್ವ. ಹೇಳಿ ಹೋಗೂಣು ಅಂತ ಬಂದೆ."

ಅವಳು ಮೊರ ಕೆಳಗಿಟ್ಟು, ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು.

"ನನ್ನ ಗಂಡ ಹೋಗಿದ್ದ ಸಂತಿಗೆ, ನಾ ಹೋಗಿದ್ದಿಲ್ಲ. ಯಮನೂರಸಾಬ ಕದ್ದಾನ ಅಂತ ಯಾರಂದ್ರು?"

"ನಾನs ಅಂದಿದ್ದೆ," ಎಂದ ತಿಮ್ಮಣ್ಣ. ಅವಳು ಇನ್ನೂ ನೋಡುತ್ತಲೇ ಇದ್ದಳು. ಅವನು ಅಲ್ಲೇ ಹೊಸ್ತಿಲ ಕೆಳಗೆ ನಿಂತು ಮೊದಲಿನಿಂದ ಹೇಳತೊಡಗಿದ.